ಹೊಟ್ಟೆಯ ಮಾತು ಜೋರಾಗಿ, ರಕ್ತದ ಮಾತು ಮೆಲ್ಲಗೆ

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರೇ ಇದ್ದಿದ್ದರೆ "ಬರೀರಿ ಅಕ್ಕೋರೇ, ನಮ್ಮಂಥವರ ಹೆಸರು ಅಚ್ಚಾಗೋದು ಮತ್ತೆ ಯಾವಾಗ" ಎಂದು ನಗುತ್ತಿದ್ದರು. ಆದರೆ ಅವರ ಅಣ್ಣ ಇದ್ದಾರೆ. ಮೊನ್ನೆ ಆ ಅಣ್ಣನ ಮಗಳು ಫೋನ್ ಮಾಡಿದ್ದಳು. "ಅತ್ತೆ ಬಗ್ಗೆ ನಾಲ್ಕು ಮಾತು ಬರೀರಿ. ಅವರ ಹೊಟ್ಟೆ ವಿಷಯನೂ ರಕ್ತದ ವಿಷಯನೂ ಎರಡೂ ಗೊತ್ತಿದ್ದವರು ಹೊರಗೆ ನೀವೊಬ್ರೇ" ಎಂದಳು. ಹೆಸರು ಹಾಕಲೇ ಎಂದು ಕೇಳಿದೆ. "ಬೇಡ. ಅಪ್ಪಂಗೆ ಇನ್ನೂ ನಾಚಿಕೆ" ಎಂದಳು. ನಾಚಿಕೆ ಎಂದರೇನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿಲ್ಲದೆಯೇ ಬರೆಯುತ್ತೇನೆ.

ನಾನು ಸಿದ್ದಾಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುವವಳು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು. ನಾನು ಹೇಳಹೊರಟಿರುವ ಅವರು ಶಿರಸಿ ಹತ್ತಿರದ ಹುಲೇಕಲ್ಲಿನವರು. ದಿನವೂ ಬಸ್ಸಿನಲ್ಲಿ ಶಿರಸಿ ಪೇಟೆಗೆ ಬಂದು, ಒಂದು ಸಣ್ಣ ಮಹಡಿ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದರು. ನನಗೂ ಅವರಿಗೂ ನಂಟು ಹುಟ್ಟಿದ್ದು ಒಂದೇ ಕಾರಣಕ್ಕೆ. ಇಬ್ಬರಿಗೂ ಹುಟ್ಟಿನಿಂದಲೇ ಥಲಸ್ಸೇಮಿಯಾ ಇತ್ತು.

ಅದು ಅಂಟುವ ಕಾಯಿಲೆಯಲ್ಲ. ಮೈಯಲ್ಲಿ ತಯಾರಾಗುವ ರಕ್ತಕ್ಕೆ ಬಾಳಿಕೆ ಇರುವುದಿಲ್ಲ, ಬೇಗ ಒಡೆದುಹೋಗುತ್ತದೆ. ನಮ್ಮಿಬ್ಬರದೂ ತೀರಾ ಉಗ್ರ ಬಗೆಯದಲ್ಲ, ಹಾಗಾಗಿ ಇಷ್ಟು ವರ್ಷ ಬದುಕಿದ್ದೆವು. ಆದರೂ ಆಗಾಗ ಹುಬ್ಬಳ್ಳಿಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಳ್ಳಬೇಕು. ಆ ರಕ್ತದ ಜೊತೆ ಕಬ್ಬಿಣವೂ ಬರುತ್ತದೆ. ಬಂದ ಕಬ್ಬಿಣ ಹೊರಗೆ ಹೋಗಲು ದಾರಿಯಿಲ್ಲದೆ ಯಕೃತ್ತಿನಲ್ಲಿ, ಹೃದಯದಲ್ಲಿ ಕೂತುಬಿಡುತ್ತದೆ. ಅದನ್ನು ತೆಗೆಯಲು ಮಾತ್ರೆ. ಆ ಮಾತ್ರೆ ಹೊಟ್ಟೆಯನ್ನು ಹಿಂಡುತ್ತದೆ. ನುಲಿತ, ಓಕರಿಕೆ, ಭೇದಿ. ರಕ್ತದ ಕಾಯಿಲೆ ಎಂದರೆ ಸುಸ್ತು ಮತ್ತು ಬಿಳಿಚಿದ ಮುಖ ಎಂದು ಜನ ತಿಳಿಯುತ್ತಾರೆ. ನಮಗೆ ಯಾವ ಊರಿಗೆ ಹೋದರೂ ಮೊದಲು ಬರುತ್ತಿದ್ದ ಯೋಚನೆ, ಇಲ್ಲಿ ಸಂಡಾಸು ಎಲ್ಲಿದೆ ಎಂಬುದು.

ಅವರನ್ನು ಮೊದಲು ನೋಡಿದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ರಕ್ತ ಹಾಕುವ ವಾರ್ಡಿನಲ್ಲಿ. ನಾನು ಶಾಲು ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಕೈಗೆ ಸೂಜಿ ಚುಚ್ಚಿದ್ದರು, ರಕ್ತದ ಚೀಲ ಗಾಲಿಯ ಕಂಬಕ್ಕೆ ತೂಗಾಡುತ್ತಿತ್ತು. ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು. ಕಂಬ ಎಳೆದುಕೊಂಡು ಸಂಡಾಸಿಗೆ ಹೋಗಬೇಕೆಂದರೆ ಆಚೆ ಮಂಚದಲ್ಲಿದ್ದ ಗಂಡಸರ ಮುಂದೆಯೇ ಹಾದುಹೋಗಬೇಕು. ಹಲ್ಲು ಕಚ್ಚಿ ಮಲಗಿದ್ದೆ. ಪಕ್ಕದ ಮಂಚದಿಂದ ಒಂದು ದನಿ ಇಡೀ ವಾರ್ಡಿಗೆ ಕೇಳುವಂತೆ ಎದ್ದಿತು.

"ಸಿಸ್ಟರ್, ಇವ್ರಿಗೆ ಸಂಡಾಸಿಗೆ ಹೋಗ್ಬೇಕು. ಬಾಯಿ ಬಿಟ್ಟು ಹೇಳ್ತಾ ಇಲ್ಲ. ಬೇಗ ಬನ್ನಿ!"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ವಾಪಸು ಬಂದು ಮಲಗಿದಾಗ ಅವರ ಕಡೆ ನೋಡಲೂ ಇಲ್ಲ. ಅವರೇ ಮಾತಾಡಿಸಿದರು.

"ಶಿರಸಿ ಕಡೆಯವರನಾ?"

"ಸಿದ್ದಾಪುರ."

"ಎಂತ ಕೆಲಸ?"

"ಶಾಲೆ."

"ಅಕ್ಕೋರು! ಮಕ್ಕಳು ಒಂದಕ್ಕೆ ಎರಡಕ್ಕೆ ಅಂತ ಬೆರಳೆತ್ತಿ ಕೇಳ್ತಾವೆ. ನೀವು ಅದನ್ನೂ ಕಲೀಲಿಲ್ಲವಾ?"

ನಗು ತಡೆಯಲಾಗಲಿಲ್ಲ. ಆವತ್ತಿನಿಂದ ನಾವು ಒಂದೇ ದಿನ ನೋಡಿಕೊಂಡು ಹುಬ್ಬಳ್ಳಿಗೆ ಹೋಗತೊಡಗಿದೆವು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಕೊನೆಯವರೆಗೂ ನನ್ನನ್ನು ಅಕ್ಕೋರೇ ಎಂದರು, ನೀವು ಎಂದರು. ಬೈಯುವಾಗಲೂ ನೀವೇ.

ಅವರು ಕುಳ್ಳಗೆ, ಮೂಳೆ ಮೂಳೆಯಾಗಿದ್ದರು. ಕಣ್ಣಿನ ಬಿಳಿ ಸದಾ ಅರಿಶಿನ ಬಣ್ಣ. ಕೊರಳಲ್ಲಿ ಅಳತೆಯ ಟೇಪು. ಅಂಗಡಿಯಿಂದ ಹೊರಟ ಮೇಲೂ ಅದನ್ನು ತೆಗೆಯುವುದು ಮರೆತು ಬಸ್ಸು ಹತ್ತುತ್ತಿದ್ದರು. ಎಳೆ ಪ್ರಾಯದಲ್ಲೇ ಅವರ ಹೊಟ್ಟೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಊದಿಕೊಂಡು, ಆಪರೇಷನ್ ಮಾಡಿ ತೆಗೆದಿದ್ದರು. "ಒಳಗೊಂದು ಕೋಣೆ ಖಾಲಿ ಅದೆ, ಬಾಡಿಗೆಗೆ ಕೊಡ್ಬಹುದು" ಎಂದು ಹೊಟ್ಟೆ ತಟ್ಟಿಕೊಳ್ಳುತ್ತಿದ್ದರು. ಬಿಳಿಚಿದ ಮುಖ ನೋಡಿ, ರಕ್ತ ಕಮ್ಮಿ ಇರಬೇಕೆಂದು ಅಕ್ಕಪಕ್ಕದವರು ಪ್ರೀತಿಯಿಂದ ಬೀಟ್‌ರೂಟ್ ರಸ, ಕಬ್ಬಿಣದ ಟಾನಿಕ್ ತಂದುಕೊಡುತ್ತಿದ್ದರು. ನಮಗೆ ಅದೇ ವಿಷ. ಬೇಡವೆಂದರೆ ಕಾರಣ ಹೇಳಬೇಕು. ಅವರು ಎಲ್ಲವನ್ನೂ ಕೈಯೊಡ್ಡಿ ತೆಗೆದುಕೊಂಡು, ಮಹಡಿಯ ಮೆಟ್ಟಿಲ ಪಕ್ಕದ ದಾಸವಾಳದ ಗಿಡದ ಬುಡಕ್ಕೆ ಸುರಿಯುತ್ತಿದ್ದರು.

ನನ್ನ ಹೊಟ್ಟೆಯ ಬಗ್ಗೆ ನನಗಿದ್ದ ಹೇಸಿಗೆಯನ್ನು ಈಗ ವಿವರಿಸುವುದೂ ಕಷ್ಟ. ಶಾಲೆಯಲ್ಲಿ ಪಾಠದ ನಡುವೆ ಎದ್ದು ಹೋಗಬೇಕಾದರೆ ಹಾಜರಿ ಪುಸ್ತಕ ತರುವ ನೆಪ ಹೇಳುತ್ತಿದ್ದೆ. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ಬಸ್ಸು ಹತ್ತುವ ದಿನ ನೀರು ಕುಡಿಯುತ್ತಿರಲಿಲ್ಲ. ಸೀಟಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತರೂ, ವಾಸನೆ ಬಂತೇನೋ ಎಂದು ಕಿವಿ ಬಿಸಿಯಾಗುತ್ತಿತ್ತು.

ಒಮ್ಮೆ ಬೆಳಗಿನ ಹುಬ್ಬಳ್ಳಿ ಬಸ್ಸಿನಲ್ಲಿ ಹೊರಟಿದ್ದೆವು. ಎಕ್ಕಂಬಿ ಹತ್ತಿರ ಬರುವಾಗ ನನಗೆ ತಡೆಯಲಾಗದ ಹಾಗಾಯಿತು. ಮುಂದಿನ ಸೀಟಿನ ಕಂಬಿ ಹಿಡಿದು ಬೆವರುತ್ತಿದ್ದೆ. ಅವರು ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಎದ್ದು ಹೋಗಿ ಡ್ರೈವರ್ ಹಿಂದೆ ನಿಂತರು.

"ಬಸ್ ನಿಲ್ಸಿ."

ಕಂಡಕ್ಟರ್ ಹಾವೇರಿ ಕಡೆಯವನು. "ಸ್ಟಾಪ್ ಇಲ್ರೀ ಇಲ್ಲೆ. ಯಾರಿಗೇನಾತ್ರೀ?"

"ನಂಗೆ ಹೊಟ್ಟೆ ಕೆಟ್ಟದೆ. ನಿಲ್ಸ್ತೀರೋ, ಇಲ್ಲೇ ಆಗ್ಲೋ?"

ಇಡೀ ಬಸ್ಸು ನಕ್ಕಿತು. ಯಾರೋ ಹಿಂದಿನಿಂದ ಶಿಳ್ಳೆ ಹಾಕಿದರು. ಬಸ್ಸು ನಿಂತಿತು. "ಹೋಗಿ ಬರ್ರಿ ಅವ್ವಾರ, ಲಗೂನ ಬರ್ರಿ" ಎಂದ ಕಂಡಕ್ಟರ್. ಅವರು ನನ್ನ ಕೈ ಹಿಡಿದು, "ಒಬ್ಳೇ ಹೋಗೋಕಾಗ್ತಿಲ್ಲ, ಬನ್ನಿ ಅಕ್ಕೋರೇ ಜೊತೆಗೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಇಳಿಸಿದರು. ರಸ್ತೆ ಬದಿಯ ಒಂದು ಮನೆಗೆ ನುಗ್ಗಿ, ಅಂಗಳ ಗುಡಿಸುತ್ತಿದ್ದ ಹೆಂಗಸನ್ನು ಕೇಳಿ, ನನ್ನನ್ನು ಹಿತ್ತಲಿಗೆ ಕಳಿಸಿ, ತಾವು ಅಂಗಳದಲ್ಲಿ ನಿಂತು ಆ ಮನೆಯ ಎಮ್ಮೆಯ ಬಗ್ಗೆ ವಿಚಾರಿಸುತ್ತಿದ್ದರು. ಬಸ್ಸಿಗೆ ಮರಳಿದಾಗ ಜನರೆಲ್ಲ ನೋಡಿದ್ದು ಅವರನ್ನೇ. "ಈಗ ಆರಾಮಾತ್ರೀ?" ಎಂದು ಕಂಡಕ್ಟರ್ ಕೇಳಿದ್ದು ಅವರನ್ನೇ. "ಸ್ವರ್ಗ" ಎಂದರು ಅವರು.

ಕೂತ ಮೇಲೆ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. "ಲಾಡಿ ಗಂಟು ಬಿತ್ತಾ?" ಎಂದು ಕೇಳಿದರು. ಹೌದು, ಅವಸರದಲ್ಲಿ ಚೂಡಿದಾರದ ಲಾಡಿ ಗಂಟಾಗಿ, ಒಂದು ಕ್ಷಣ ಪ್ರಾಣವೇ ಹೋದಂತಾಗಿತ್ತು. ಮುಂದಿನ ಸಲ ಬಂದಾಗ ನನಗಾಗಿ ಎರಡು ಜೊತೆ ಚೂಡಿದಾರ ಹೊಲಿದು ತಂದಿದ್ದರು. ಲಾಡಿ ಇಲ್ಲ, ಎಲಾಸ್ಟಿಕ್, ಪಕ್ಕದಲ್ಲಿ ಒಂದು ಅಗಲದ ಹುಕ್ಕು. ಹೊರಗಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. "ಮರ್ಯಾದೆ ಉಳಿಯೋದು ಒಂದೊಂದು ಸಲ ಹುಕ್ಕಿನಲ್ಲೇ" ಎಂದರು. ದುಡ್ಡಿನ ಮಾತೆತ್ತಿದ್ದಕ್ಕೆ ಕತ್ತರಿ ತೋರಿಸಿದರು.

ಇಂಥ ಹೆಂಗಸಿಗೆ ನಾಚಿಕೆ ಎಂಬುದೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ.

ಒಂದು ದಿನ ಶಿರಸಿಯಲ್ಲಿ ಅವರ ಅಂಗಡಿಯಲ್ಲಿ ಕೂತಿದ್ದೆ. ರವಿಕೆ ಅಳತೆಗೆ ಬಂದ ಗಿರಾಕಿಯೊಬ್ಬಳು ಅವರ ಕೈ ಮೇಲಿನ ಪಟ್ಟಿ ನೋಡಿ, "ಎಂತ ಆತು ಕೈಗೆ?" ಎಂದಳು. ಹಿಂದಿನ ದಿನವಷ್ಟೇ ನಾವಿಬ್ಬರೂ ರಕ್ತ ಹಾಕಿಸಿಕೊಂಡು ಬಂದಿದ್ದೆವು.

"ಹೊಟ್ಟೆ ಹಾಳಾಗಿತ್ತು ಮಾರಾಯ್ತಿ. ನಿಲ್ಲಲೇ ಇಲ್ಲ. ಸಲೈನ್ ಹಾಕಿದ್ರು" ಎಂದರು. ಆಮೇಲೆ ಆ ಭೇದಿಯ ವರ್ಣನೆ ಶುರುವಾಯಿತು. ಗಿರಾಕಿ ಮೂಗು ಮುಚ್ಚಿಕೊಂಡು ನಗುತ್ತಾ ಹೋದಳು.

"ಸಲೈನ್ ಅಂತ ಯಾಕೆ ಹೇಳಿದ್ರಿ ಅಕ್ಕಾ?" ಎಂದೆ.

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಅವರ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹೊಟ್ಟೆ ಅಂದ್ರೆ ಜನ ನಗ್ತಾರೆ, ನಾಳೆ ಮರೀತಾರೆ. ರಕ್ತ ಅಂದ್ರೆ ಯಾರೂ ನಗೋದಿಲ್ಲ. ಇವರ ಮನೆತನದಲ್ಲೇ ಉಂಟು ಅಂತಾರೆ. ನನ್ನ ನೋಡೋಕೆ ಬಂದವ್ರು ಹಾಗೇ ಅಂದು ಎದ್ದು ಹೋದ್ರು. ಆಗ ಅಪ್ಪ ಒಂದು ವರ್ಷ ಪೇಟೆಗೆ ಬರ್ಲಿಲ್ಲ. ಈಗ ಅಣ್ಣಂಗೆ ಒಬ್ಳೇ ಮಗಳು. ಹೊಟ್ಟೆ ಅಂತ ಹೇಳು, ರಕ್ತ ಅನ್ಬೇಡ ಅಂತ ಕಾಲಿಗೆ ಬೀಳೋದೊಂದು ಬಾಕಿ ಅವ."

ನಾನೂ ಶಾಲೆಯಲ್ಲಿ ಎಲ್ಲರಿಗೂ ಗ್ಯಾಸ್ಟ್ರಿಕ್ ಎಂದೇ ಹೇಳಿಕೊಂಡು ಬಂದವಳು. ಅಮ್ಮ ಹೇಳಿಕೊಟ್ಟ ಮಾತು ಅದು. ಒಂದೇ ವ್ಯತ್ಯಾಸ, ನಾನು ಅದನ್ನೂ ಮೆಲ್ಲಗೆ ಹೇಳುತ್ತಿದ್ದೆ. ಅವರು ಹೊಟ್ಟೆಯ ಮಾತನ್ನು ಅಷ್ಟು ಜೋರಾಗಿ ಆಡುತ್ತಿದ್ದದ್ದು ಯಾರೂ ಅದರಾಚೆ ಕೇಳದಿರಲಿ ಎಂದು. ಆಮೇಲೆ ಅವರ ಭೇದಿಯ ಕತೆಗಳಿಗೆ ಮೊದಲಿನ ಹಾಗೆ ನಗಲು ನನಗೆ ಆಗುತ್ತಿರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ನಮಗೆ ಪ್ರತಿ ಸಲವೂ ಒಂದು ಎಚ್ಚರಿಕೆ ಹೇಳುತ್ತಿದ್ದರು. ಬರೀ ಭೇದಿಯಾದರೆ ಅದು ಮಾತ್ರೆಯದಿರಬಹುದು. ಜ್ವರವೂ ಹೊಟ್ಟೆನೋವೂ ಒಟ್ಟಿಗೆ ಬಂದರೆ ಕಬ್ಬಿಣ ತೆಗೆಯುವ ಮಾತ್ರೆ ಅಲ್ಲಿಗೇ ನಿಲ್ಲಿಸಿ, ತಡ ಮಾಡದೆ ಆಸ್ಪತ್ರೆಗೆ ಬರಬೇಕು. ಕರುಳಿಗೆ ಸೇರುವ ಕೆಲವು ಕ್ರಿಮಿಗಳು ಕಬ್ಬಿಣ ತಿಂದೇ ಬೆಳೆಯುತ್ತವೆ, ಮಾತ್ರೆ ಸಡಿಲಿಸಿದ ಕಬ್ಬಿಣವೂ ಅವಕ್ಕೆ ಸಿಗಬಹುದು, ಗುಲ್ಮ ತೆಗೆದವರ ಮೈಗೆ ಅವನ್ನು ತಡೆಯುವ ಶಕ್ತಿಯೂ ಕಡಿಮೆ. ವಾರ್ಡಿಗೆ ಹೊಸಬರು ಯಾರು ಬಂದರೂ ಡಾಕ್ಟರಿಗಿಂತ ಮೊದಲು ಅಕ್ಕನೇ ಇದನ್ನು ಹೇಳಿ ಮುಗಿಸಿರುತ್ತಿದ್ದರು. ಮುಂಡಗೋಡ ಕಡೆಯ ಒಬ್ಬ ತಾಯಿಗಂತೂ, "ಜ್ವರ ಬಂತು ಅಂದ್ರೆ ಬಸ್ಸಿಗೆ ಕಾಯ್ಬೇಡ, ಸಿಕ್ಕಿದ ಗಾಡಿ ಹತ್ತು" ಎಂದು ಕೈ ಹಿಡಿದು ಹೇಳಿದ್ದನ್ನು ಕಂಡಿದ್ದೇನೆ.

ಅಣ್ಣನ ಮಗಳಿಗೆ ಯಲ್ಲಾಪುರ ಹತ್ತಿರದ ಚಂದಗುಳಿಯ ಸಂಬಂಧ ಕೂಡಿಬಂತು. ಹುಡುಗ ಮನೆಯ ಜಮೀನು ನೋಡಿಕೊಂಡಿದ್ದ. ತಂದೆ ಇಲ್ಲ, ತಾಯಿಯೇ ಮನೆಯ ಯಜಮಾನಿ. ಆ ತಾಯಿಗೆ ನಿಶ್ಚಯಕ್ಕೆಂದು ರವಿಕೆ ಹೊಲಿದವರು ಅಕ್ಕನೇ. ಅಳತೆ ಕೊಡಲು ಬಂದಿದ್ದಾಗ ಇಬ್ಬರಿಗೂ ಬಹಳ ಮಾತಾಯಿತಂತೆ. "ಒಳ್ಳೇ ಹೆಂಗ್ಸು ಅಕ್ಕೋರೇ. ತೋಳು ಬಿಗಿಯಾದ್ರೂ ಪರವಾಗಿಲ್ಲ, ನಿಮಗೆ ಮತ್ತೆ ಬಿಚ್ಚೋ ಕೆಲಸ ಬೇಡ ಅಂದ್ರು. ಹಾಗೆ ಅನ್ನೋ ಗಿರಾಕಿ ನಾ ಕಂಡಿಲ್ಲ" ಎಂದು ಸಂಭ್ರಮದಿಂದ ಹೇಳಿದ್ದರು.

ನಿಶ್ಚಯ ಹುಡುಗನ ಮನೆಯಲ್ಲೇ. ಇವರೆಲ್ಲ ಹಿಂದಿನ ದಿನವೇ ಹೋಗಿ ಉಳಿದುಕೊಂಡರು. ಹೊರಡುವ ಮೊದಲೇ ಅಕ್ಕನ ಹೊಟ್ಟೆ ಕೆಟ್ಟಿತ್ತು. ಯಾವಾಗಲೂ ಕೆಡುವ ಹೊಟ್ಟೆ, ಮಾತ್ರೆಯದೇ ಆಟ ಎಂದುಕೊಂಡರು. ಮರುದಿನ ಬೆಳಿಗ್ಗೆ ಎದ್ದು, ಹರಕೆಯಂತೆ ಆ ಊರಿನ ದೇವಸ್ಥಾನಕ್ಕೆ ಹೋಗಿ ಗಣಪತಿಗೆ ಘಂಟೆ ಕಟ್ಟಿ ಬಂದರು. ಬರುವ ಹೊತ್ತಿಗೆ ಮೈ ಕಾದಿತ್ತು.

ನನಗೆ ಫೋನ್ ಬಂದದ್ದು ಮಧ್ಯಾಹ್ನ. ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು, ಹೆಂಗಸರ ನಗು.

"ಅಕ್ಕೋರೇ, ಜ್ವರ ಬಂದದೆ. ಬಲಗಡೆ ಹೊಟ್ಟೆ ಹಿಡ್ಕಂಡದೆ."

"ಮಾತ್ರೆ?"

"ಬೆಳಿಗ್ಗೆ ತಗಂಡಾಗಿತ್ತು."

"ಅಕ್ಕಾ, ಈಗಲೇ ಹೊರಡಿ. ನಿಮಗೆ ನಾನು ಹೇಳ್ಬೇಕಾ?"

"ಗೊತ್ತದೆ. ಉಂಗುರ ಹಾಕೋದು ಇನ್ನೂ ಆಗ್ಲಿಲ್ಲ. ಈಗ ನಾ ಆಸ್ಪತ್ರೆ ಅಂದ್ರೆ ಎಂತ ಕಾಯಿಲೆ ಅಂತ ಕೇಳ್ತಾರೆ. ಸಂಜೆ ಎಲ್ಲ ಮುಗಿದ ಮೇಲೆ ಹೋಗ್ತೆ."

"ಹೊಟ್ಟೆ ಅಂತಾದ್ರೂ ಹೇಳಿ ಹೊರಡಿ!"

"ಇಲ್ಲಿ ಅದನ್ನೂ ಹೇಳೋಕಾಗ್ತಿಲ್ಲ ಅಕ್ಕೋರೇ. ಹುಡುಗನ ಅಮ್ಮ, ಆ ಪುಣ್ಯಾತ್ಗಿತ್ತಿ, ಬೆಳಗಿಂದ ಒಬ್ಳೇ ನಿಂತು ಅಡುಗೆ ಮಾಡಿದಾಳೆ. ಅವಳ ಮನೆ ಊಟದ ದಿನ ಹೊಟ್ಟೆ ಕೆಟ್ಟಿತು ಅಂತ ಹೆಂಗೆ ಹೇಳ್ಲಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಅವರ ಅಣ್ಣನಿಗೇ ಫೋನ್ ಮಾಡಿದೆ. "ಗೊತ್ತು ಅಕ್ಕೋರೇ, ಅವಳೇ ಹೇಳಿದ್ಲು. ಸಂಜೆ ತಂಕ ತಡ್ಕಳ್ತೆ ಅಂದಿದಾಳೆ. ಎಲ್ಲ ನೆಂಟ್ರೂ ಕೂತಿದಾರೆ, ಈಗ ಇಲ್ಲಿಗೆ ಆಂಬುಲೆನ್ಸು ಬಂದ್ರೆ..." ಎಂದರು. ನಾನು ಕೂಗಾಡಿದೆ. ಆ ಕಡೆ ಫೋನ್ ಇಟ್ಟ ಸದ್ದಾಯಿತು. ಇನ್ನೊಮ್ಮೆ ಮಾಡಿದೆ, ತೆಗೆಯಲಿಲ್ಲ.

ಮುಂದಿನದನ್ನು ನನಗೆ ಹೇಳಿದವಳು ಅಣ್ಣನ ಮಗಳು. ಉಂಗುರ ಹಾಕುವಾಗ ಅತ್ತೆ ಎದುರಿಗೇ ಕೂತು ನಗುತ್ತಿದ್ದರಂತೆ. ಊಟದಲ್ಲಿ ಎರಡು ತುತ್ತು ತಿಂದರಂತೆ. ಸಂಜೆ ನೆಂಟರು ಎದ್ದು ಹೋಗುವಾಗ ಅವರು ಬಚ್ಚಲಲ್ಲಿ ಬಿದ್ದಿದ್ದರು. ಮೊದಲು ನೋಡಿದ್ದು ಹುಡುಗನ ತಾಯಿ. ಬಟ್ಟೆಯೆಲ್ಲ ಹೊಲಸಾಗಿತ್ತು. ಆಕೆ ಯಾರನ್ನೂ ಒಳಗೆ ಬಿಡದೆ, ತಾನೇ ಮೈ ತೊಳೆದು, ತನ್ನ ಸೀರೆ ಉಡಿಸಿ, ಗಾಡಿ ತರಿಸಿ ಯಲ್ಲಾಪುರಕ್ಕೆ ಕರೆದುಕೊಂಡು ಹೊರಟಳು. ಆಸ್ಪತ್ರೆಯಲ್ಲಿ ಡಾಕ್ಟರು, ಬೇರೆ ಏನಾದರೂ ಕಾಯಿಲೆ ಇದೆಯೇ, ಮೊದಲು ಆಪರೇಷನ್ ಆಗಿದೆಯೇ ಎಂದು ಕೇಳಿದರು. ಹುಡುಗನ ತಾಯಿ ಪಕ್ಕದಲ್ಲೇ ನಿಂತಿದ್ದಳು. ಅಣ್ಣ, "ಎಂತದೂ ಇಲ್ಲ. ಹೊಟ್ಟೆ ಮಾತ್ರ" ಎಂದರು.

ಹುಬ್ಬಳ್ಳಿಗೆ ಸಾಗಿಸಿದ ಮೇಲೆ, ನಮ್ಮ ಡಾಕ್ಟರು ಅವರ ಗುರುತು ಹಿಡಿದಾಗಲೇ ನಿಜವಾದ ಔಷಧಿ ಶುರುವಾದದ್ದು. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು.

ಸುದ್ದಿ ತಿಳಿದು ಮರುದಿನ ಬೆಳಿಗ್ಗೆ ನಾನು ಹೋದಾಗ ಅವರಿಗೆ ಎಚ್ಚರವಿತ್ತು. ಅರಿಶಿನ ಕಣ್ಣು ಇನ್ನೂ ಆಳಕ್ಕೆ ಇಳಿದಿತ್ತು. ನನ್ನನ್ನು ಹತ್ತಿರ ಬಾ ಎಂದು ಬೆರಳಲ್ಲೇ ಕರೆದರು. ಬಾಗಿದೆ.

"ಅಕ್ಕೋರೇ, ವಾಸನೆ ಬರ್ತದಾ?"

"ಇಲ್ಲ ಅಕ್ಕಾ."

"ಸುಳ್ಳು. ಆ ವಾರ್ಡಿನ ಹುಡುಗನ್ನ ಆಚೆ ಕಳ್ಸಿ. ಅವ ಬಟ್ಟೆ ಬದಲಾಯಿಸೋದು ಬೇಡ. ನಂಗೆ ನಾಚಿಕೆ ಆಗ್ತದೆ."

ವಾರ್ಡಿನ ಆಳನ್ನು ಹೊರಗೆ ಕಳಿಸಿ, ನರ್ಸಮ್ಮನ ಜೊತೆ ನಾನೇ ಬಟ್ಟೆ ಬದಲಾಯಿಸಿದೆ. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಎಲ್ಲ ಮುಗಿದ ಮೇಲೆ, "ಉಂಗುರ ಚೆಂದ ಕೂತಿತ್ತು ಬೆರಳಿಗೆ" ಎಂದರು. ಆಮೇಲೆ ಮಾತಾಡಿದ್ದು ನಾನು ಕೇಳಿಲ್ಲ. ಮರುದಿನ ತೀರಿಕೊಂಡರು.

ಸುದ್ದಿ ನಮಗಿಂತ ಮೊದಲು ಊರು ಸೇರಿತ್ತು. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಿವಿಗೇ ಬಿತ್ತು. "ಚಂದಗುಳಿಯಲ್ಲಿ ನಿಶ್ಚಯದ ಊಟ ಉಂಡು ಸತ್ತೋದ್ಲಂತೆ." ಊಟಕ್ಕೆ ಹೋಗಿ ಬಂದ ಕೆಲವರಿಗೆ, ತಮಗೂ ಆ ದಿನ ಹೊಟ್ಟೆಯಲ್ಲಿ ಏನೋ ಆಗಿತ್ತು ಎಂದು ನೆನಪಾಗತೊಡಗಿತು. ಪಾಯಸ ಹಳಸಿತ್ತು ಎಂದು ಒಬ್ಬರು, ಬಾವಿ ನೀರು ಸರಿಯಿಲ್ಲ ಎಂದು ಇನ್ನೊಬ್ಬರು. ಅಣ್ಣನ ಮನೆಯಲ್ಲಿ ಯಾರೂ ಇದನ್ನು ಅಲ್ಲಗಳೆಯಲಿಲ್ಲ. ನನ್ನನ್ನು ಕಂಡಾಗ ಅಣ್ಣ ಪಕ್ಕಕ್ಕೆ ಕರೆದು, "ಹೋದವಳು ಹೋದ್ಲು. ಕೂಸಿನ ಮದುವೆ ಒಂದು ಮುಗಿದುಹೋಗ್ಲಿ ಅಕ್ಕೋರೇ" ಎಂದು ಕೈ ಮುಗಿದರು. ಬೇಡವೆನ್ನಲು ನನಗೆ ಯಾವ ಮುಖವಿತ್ತು? ನನ್ನ ರಕ್ತದ ಸುದ್ದಿ ನನ್ನ ಶಾಲೆಗೇ ಗೊತ್ತಿರಲಿಲ್ಲ.

ಆದರೆ ಹುಡುಗಿ ಬೇರೆಯೇ ಯೋಚಿಸಿದ್ದಳು. ಅಂತ್ಯಕ್ರಿಯೆಯ ಮರುದಿನ ನನ್ನ ಹತ್ತಿರ ಬಂದು, "ಅತ್ತೆಗೆ ಇದ್ದಿದ್ದು ನಂಗೂ ಇರ್ಬಹುದಾ?" ಎಂದಳು. ಇರಬಹುದು, ಕಾಯಿಲೆಯಾಗಿ ಅಲ್ಲ, ಹೊರಗೆ ಕಾಣದೆ ರಕ್ತದಲ್ಲಿ ಅದರ ಗುಣ ಮಾತ್ರ ಇರಬಹುದು, ಗಂಡ ಹೆಂಡತಿ ಇಬ್ಬರಲ್ಲೂ ಆ ಗುಣ ಇದ್ದರೆ ಹುಟ್ಟುವ ಮಗುವಿಗೆ ಕಾಯಿಲೆ ಬರುವ ಭಯ ಎಂದು ಹೇಳಿದೆ. ಅಪ್ಪನಿಗೆ ತಿಳಿಸದೆ ನನ್ನ ಜೊತೆ ಹುಬ್ಬಳ್ಳಿಗೆ ಬಂದು ರಕ್ತ ಕೊಟ್ಟಳು. ಫಲಿತಾಂಶ ಬಂತು. ಗುಣ ಇತ್ತು. "ಇನ್ನು ಅವರಿಗೆ ಹೇಳ್ಲೇಬೇಕಲ್ಲ" ಎಂದಳು. ಅವರು ಎಂದರೆ ಹುಡುಗ.

ಹುಲೇಕಲ್ಲಿನ ಮನೆಯಲ್ಲಿ ಹನ್ನೆರಡನೇ ದಿನದ ಊಟ. ಚಂದಗುಳಿಯಿಂದ ತಾಯಿ ಮಗ ಬಂದಿದ್ದರು. ಆಕೆಯನ್ನು ನಾನು ಕಂಡದ್ದು ಅವತ್ತೇ. ಕಳೆಗುಂದಿದ ಮುಖ, ಸೀರೆ ಸೆರಗು ಬಿಗಿಯಾಗಿ ಹೊದ್ದು ಒಂದು ಮೂಲೆಯಲ್ಲಿ ಕೂತಿದ್ದಳು. ಬಡಿಸುವ ಹೊತ್ತಿಗೆ ರೂಢಿಯಂತೆ ಎದ್ದು ಹೋಗಿ ಅನ್ನದ ಪಾತ್ರೆಗೆ ಕೈ ಹಾಕಿದಳು. ಮನೆಯ ನೆಂಟಳೊಬ್ಬಳು ಪಾತ್ರೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, "ನೀವು ಬೇಡ ಬಿಡಿ. ಕೂತ್ಗಳಿ" ಎಂದಳು.

ಅಲ್ಲಿದ್ದವರೆಲ್ಲ ನೋಡಿದೆವು. ಆಕೆ ವಾಪಸು ಬಂದು ಅದೇ ಮೂಲೆಯಲ್ಲಿ ಕೂತಳು. ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಹುಡುಗಿ ಪಂಕ್ತಿಯ ಮಧ್ಯದಲ್ಲೇ ಎದ್ದು ನಿಂತಳು.

"ಅತ್ತೆ ಇವರ ಮನೆ ಊಟದಿಂದ ಸತ್ತಿದ್ದಲ್ಲ."

"ಸುಮ್ನಿರೇ" ಎಂದರು ಅಣ್ಣ.

"ಸುಮ್ನಿದ್ದಿದ್ದು ಸಾಕು ಅಪ್ಪಾ. ಅತ್ತೆಗೆ ಹುಟ್ಟಿನಿಂದ ರಕ್ತದ ಕಾಯಿಲೆ. ಹುಬ್ಬಳ್ಳಿಗೆ ಹೋಗ್ತ ಇದ್ದಿದ್ದು ರಕ್ತ ಹಾಕಿಸ್ಕಳ್ಳೋಕೆ. ಇಲ್ಲಿಂದ ಹೊರಡೋ ಮೊದ್ಲೇ ಅತ್ತೆ ಹೊಟ್ಟೆ ಕೆಟ್ಟಿತ್ತು. ಜ್ವರ ಬಂದ ಕೂಡ್ಲೇ ಆಸ್ಪತ್ರೆಗೆ ಹೋಗ್ಬೇಕಿತ್ತು, ನನ್ನ ನಿಶ್ಚಯ ನಿಲ್ತದೆ ಅಂತ ಹೋಗ್ಲಿಲ್ಲ." ಅವಳು ಹುಡುಗನ ಕಡೆ ತಿರುಗಿದಳು. "ನನ್ನ ರಕ್ತದಲ್ಲೂ ಅದರ ಗುಣ ಅದೆ. ನೀವೂ ಪರೀಕ್ಷೆ ಮಾಡಿಸ್ಕಳಿ. ಆಮೇಲೆ ಬೇಕೋ ಬೇಡ್ವೋ ಹೇಳಿ."

ಹುಡುಗ ಮೆಲ್ಲಗೆ, "ಮಾಡಿಸ್ಕಳ್ತೆ" ಎಂದ. ಮಾಡಿಸಿಕೊಂಡ ಕೂಡ; ಅವನಲ್ಲಿ ಆ ಗುಣ ಇರಲಿಲ್ಲ. ವರ್ಷ ಕಳೆದ ಮೇಲೆ ಮದುವೆಯೂ ಆಯಿತು, ಹುಡುಗನ ಕಡೆಯ ಕೆಲವರು ಬರಲಿಲ್ಲ ಅಷ್ಟೆ. ಆದರೆ ಆ ದಿನ ಇದಾವುದೂ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದುದು ಹುಡುಗನ ತಾಯಿಯನ್ನು.

ಆಕೆ ಅಣ್ಣನನ್ನೇ ನೋಡುತ್ತಿದ್ದಳು.

"ಅವತ್ತಿಂದ ನಾ ಒಲೆ ಹತ್ರ ಹೋಗ್ಲಿಲ್ಲ" ಎಂದಳು. "ಮಗನಿಗೆ ಅನ್ನ ಮಾಡಿ ಹಾಕೋಕೂ ಹೆದ್ರಿಕೆ. ಪಕ್ಕದ ಮನೆಯವರು ಮಾಡಿ ಕೊಡ್ತ ಇದ್ರು. ನನ್ನ ಕೈಯಿಂದ ಒಂದು ಜೀವ ಹೋತು ಅಂತ. ನಿಮಗೆ ಎಲ್ಲ ಗೊತ್ತಿತ್ತನಾ?"

ಅಣ್ಣ ತಲೆ ಎತ್ತಲಿಲ್ಲ. ಆಕೆಯ ದೃಷ್ಟಿ ನನ್ನ ಮೇಲೂ ಹಾದುಹೋಯಿತು. ನಾನೂ ತಲೆ ತಗ್ಗಿಸಿದೆ.

"ಒಂದು ಮಾತು ಹೇಳಿದ್ರೆ ಬೆಳಿಗ್ಗೆ ನಾನೇ ಅವರನ್ನ ಗಾಡಿ ಹತ್ತಿಸ್ತಿದ್ದೆ. ಉಂಗುರ ಮರುದಿನ ಹಾಕ್ಬಹುದಿತ್ತು."

ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನೆಂಟಳ ಕೈಯಿಂದ ಅನ್ನದ ಪಾತ್ರೆಯನ್ನು ತೆಗೆದುಕೊಂಡು, ಸೌಟು ಹಿಡಿದು, ನೇರ ಅಣ್ಣನ ಎಲೆಯ ಮುಂದೆ ಬಂದು ನಿಂತಳು.

"ಬಡಿಸ್ಲಾ?"

ಎಲೆಗೆ ನೀರು ಚಿಮುಕಿಸಿದ್ದು ಹಾಗೇ ಇತ್ತು. ಆಕೆ ಕಾಯುತ್ತಲೇ ನಿಂತಳು. ಕೊನೆಗೆ ಅಣ್ಣ ಎರಡೂ ಕೈಯಲ್ಲಿ ಎಲೆಯನ್ನು ಸ್ವಲ್ಪ ಮುಂದೆ ಸರಿಸಿದರು. ಆಕೆ ಅನ್ನ ಹಾಕಿದಳು. ಸಾರು ಬರುವವರೆಗೂ ಕಾಯದೆ ಅವರು ಬರಿಯ ಅನ್ನವನ್ನೇ ಕಲಸಿ ತಿನ್ನತೊಡಗಿದರು. ಆಕೆ ಮುಂದಿನ ಎಲೆಗೆ ಸರಿದಳು.